ಲೆಕ್ಕದ ಹಾಳೆ: ಹಳೆಯದೇ ಸಾಕೆ, ಹೊಸದು ಬೇಕೆ?
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಮೆಟ್ರಿಕ್ ಮುಗಿಸಿ ಗಿರಣಿಯ ಟೈಮ್ ಆಫೀಸು ಸೇರಿದವರು ನಾವು. ಸಾಹಿತ್ಯವನ್ನು ಕುರಿತು ಮಾತನಾಡುವ ಯೋಗ್ಯತೆ ನಮ್ಮದಲ್ಲ. ಆದರೆ ಕೆಲವು ತಿಂಗಳಿಂದ ನಮ್ಮ ಕಚೇರಿಯಲ್ಲೂ ಈ ವಾಚನಾಲಯದ ಮೂಲೆಯ ಕಂಪ್ಯೂಟರಿನ ಸುತ್ತಲೂ ಒಂದೇ ಚರ್ಚೆ ನಡೆದಿದೆ: ಎಕ್ಸೆಲ್ ಹಳೆಯದಾಯಿತು, ಹೊಸ ಆವೃತ್ತಿ ತರಬೇಕೋ ಬೇಡವೋ? ಇಲ್ಲಿ ಕುಳಿತವರಲ್ಲಿ ಅರ್ಧಕ್ಕರ್ಧ ಜನ ಕಾರಕೂನಿಕೆ ಮಾಡುವವರು. ಉಳಿದರ್ಧ ಜನರ ಪಗಾರ ಅಂಥ ಹಾಳೆಯಿಂದಲೇ ಹೊರಡುತ್ತದೆ. ಆದುದರಿಂದ ವಿಷಯ ಎಲ್ಲರಿಗೂ ಸೇರಿದ್ದೆಂದು ಧೈರ್ಯಮಾಡಿದ್ದೇವೆ.

ಮೊದಲು ನಮ್ಮಿಂದಾದ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ನಮ್ಮ ಕಚೇರಿಯ ಯಂತ್ರಗಳಲ್ಲಿ ಇರುವುದು ಎಕ್ಸೆಲ್ 2010. ಹೆಡ್ ಆಫೀಸಿನಲ್ಲಿ ವರ್ಷವರ್ಷ ಚಂದಾ ಕಟ್ಟುವ ಹೊಸದಿದೆ. ಅಲ್ಲಿಯ ಹೊಸ ಹುಡುಗನೊಬ್ಬ ಪಗಾರ ಪಟ್ಟಿಯಲ್ಲಿ ಪ್ರತಿಯೊಬ್ಬನ ಟೋಕನ್ ನಂಬರಿಗೆ ಓವರ್‌ಟೈಮ್ ದರ ಹುಡುಕಿ ತರಲು ‘ಎಕ್ಸ್‌ಲುಕಪ್’ ಎಂಬ ಸೂತ್ರ ಬರೆದ. ಜಾಣ ಹುಡುಗ, ಅವನದೇನೂ ದೋಷವಿಲ್ಲ. ಆದರೆ ಆ ಸೂತ್ರ ಇರುವುದು ಎಕ್ಸೆಲ್ 2021ರಲ್ಲಿ ಮತ್ತು ಚಂದಾದ ಆವೃತ್ತಿಯಲ್ಲಿ. 2019ರದಕ್ಕೇ ಅದು ತಿಳಿಯದು, ನಮ್ಮ 2010ಕ್ಕೆ ಎಲ್ಲಿಂದ ತಿಳಿಯಬೇಕು?

ಫೈಲು ತೆರೆದಾಗ ಎಲ್ಲ ಸರಿಯಾಗಿಯೇ ಕಂಡಿತು. ಹಳೆಯ ಎಕ್ಸೆಲ್ ತನಗೆ ತಿಳಿಯದ ಸೂತ್ರವನ್ನು ಕಂಡರೂ, ಹಿಂದೆ ಲೆಕ್ಕಮಾಡಿಟ್ಟ ಅಂಕಿಯನ್ನು ಹಾಗೆಯೇ ತೋರಿಸುತ್ತದೆ; ಆ ಸಾಲನ್ನು ಮುಟ್ಟಿದಾಗ ಮಾತ್ರ ಎಡವುತ್ತದೆ. ನಾವು ರಾತ್ರಿ ಪಾಳಿಯ ಹನ್ನೊಂದು ಜನರ ತಾಸುಗಳನ್ನು ತಿದ್ದಿದೆವು. ತಿದ್ದಿದ ಸಾಲುಗಳಲ್ಲಿ ತಪ್ಪಿನ ಗುರುತು ಬಂದಿದ್ದರೆ ನಮ್ಮ ಕಣ್ಣಿಗೆ ಬೀಳುತ್ತಿತ್ತು. ಆದರೆ ಸೂತ್ರದ ಹೊರಗೆ ‘ಇಫ್‌ಎರರ್’ ಎಂಬ ಹೊದಿಕೆಯಿತ್ತು. ತಪ್ಪು ಬಂದರೆ ಸೊನ್ನೆ ಬರೆ ಎಂಬುದು ಅದರ ಅರ್ಥ. ಅದು ಹೇಳಿದಂತೆ ಸೊನ್ನೆ ಬರೆಯಿತು. ಮೊತ್ತ ಬಂತು, ಸಾಹೇಬರ ಸಹಿ ಬಿತ್ತು, ಪಟ್ಟಿ ಬ್ಯಾಂಕಿಗೆ ಹೋಯಿತು.

ಮರುದಿನ ಇಂಡಿ ತಾಲ್ಲೂಕಿನ ಕಡೆಯ ಜಾಬರರೊಬ್ಬರು ಮೊಬೈಲು ಹಿಡಿದು ಬಂದರು. “ಸಾಹೇಬ್ರ, ರಾತ್ರಿ ಎಲ್ಲಾ ಎಚ್ಚರ ಇದ್ದವರು ನಾವು, ನಿಮ್ಮ ಮಶೀನು ಯಾವಾಗ ಮಲಗಿತ್ರಿ?” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಊರ ಜಾತ್ರೆಗೆ ಹೊರಟಿದ್ದ ಅವರು ಆ ಹಣವನ್ನೇ ನೆಚ್ಚಿದ್ದರು. ಬಾಕಿ ಕೈಸೇರಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಜಾತ್ರೆ ಮುಗಿದಿತ್ತು.

ಇದಾದ ಮೇಲೆ ಕಚೇರಿಯಲ್ಲಿ ಎರಡು ಪಕ್ಷಗಳಾದವು. ಕಿರಿಯರೆಲ್ಲ ‘ಹೊಸದನ್ನು ತನ್ನಿ’ ಎಂದರು. ನಮ್ಮ ಹಿರಿಯ ಕಾರಕೂನರು ‘ಇದ್ದದ್ದು ನೆಟ್ಟಗಿದೆ, ಹೆಡ್ ಆಫೀಸಿನವರೇ ಹಳೆಯ ಸೂತ್ರ ಬರೆಯಲಿ’ ಎಂದರು. ಅವರನ್ನು ನೋಡಿ ನಗುವವರಿದ್ದಾರೆ, ನಾವು ನಗುವುದಿಲ್ಲ. 2007ರ ಆವೃತ್ತಿ ಬಂದಾಗ ಮೇಲಿನ ಮೆನುಗಳೆಲ್ಲ ಹೋಗಿ ಪಟ್ಟಿಯಂತಹ ‘ರಿಬ್ಬನ್’ ಬಂತು. ಇಪ್ಪತ್ತು ವರ್ಷ ಕೈ ಪಳಗಿದವರು ಪ್ರಿಂಟಿನ ಗುಂಡಿಗಾಗಿ ತಡಕಾಡಿದ್ದನ್ನು ಅವರು ಇಂದಿಗೂ ಮರೆತಿಲ್ಲ. ಅಲ್ಲದೆ ಪಗಾರ ಚೀಟಿ ಅಚ್ಚುಹಾಕುವ ನಮ್ಮ ಮ್ಯಾಕ್ರೋ ಒಂದಿದೆ. ಬರೆದವರು ಕೆಲಸ ಬಿಟ್ಟು ಹೋಗಿ ಬಹಳ ಕಾಲವಾಯಿತು. ಹೊಸ ಆಫೀಸ್ ತಾನಾಗಿ 64 ಬಿಟ್ಟಿನದಾಗಿ ಕೂರುತ್ತದೆ. ವಿಂಡೋಸಿನ ಒಳಗಿನ ಕೆಲಸಗಳನ್ನು ಕರೆಯುವ ಹಳೆಯ 32 ಬಿಟ್ಟಿನ ಮ್ಯಾಕ್ರೋಗಳು ಅಲ್ಲಿ ತಿದ್ದದೆ ಓಡುವುದಿಲ್ಲ. ಕೂರಿಸುವಾಗಲೇ 32 ಬಿಟ್ಟಿನದನ್ನು ಆರಿಸಿಕೊಳ್ಳಬಹುದು. ಆದರೆ ಇದನ್ನು ಮೊದಲೇ ವಿಚಾರಿಸಬೇಕು, ಪಗಾರದ ಹಿಂದಿನ ರಾತ್ರಿಯಲ್ಲ.

ಹಳೆಯ ಹಾಳೆಗಳು ಹೊಸದರಲ್ಲಿ ತೆರೆಯುವುದೇ ಇಲ್ಲವೆಂಬ ಭಯ ಮಾತ್ರ ಬೇಡ. ಒಂದು ತಮಾಷೆ ಕೇಳಿ. ಎಕ್ಸೆಲಿಗಿಂತ ಮೊದಲು, 1983ರಲ್ಲಿ ಬಂದ ಲೋಟಸ್ 1-2-3 ಎಂಬ ಹಾಳೆ 1900ನೆಯ ಇಸವಿಯನ್ನು ಅಧಿಕ ವರ್ಷವೆಂದು ತಪ್ಪಾಗಿ ಎಣಿಸಿತ್ತು. ಅದರ ಫೈಲುಗಳೊಡನೆ ಹೊಂದಬೇಕೆಂದು ಎಕ್ಸೆಲಿನವರು ಆ ತಪ್ಪನ್ನು ಬೇಕೆಂದೇ ಇಟ್ಟುಕೊಂಡರು. ಇಂದಿಗೂ ಒಂದು ಮನೆಯಲ್ಲಿ 60 ಎಂದು ಬರೆದು ತಾರೀಖಾಗಿ ತೋರಿಸೆಂದರೆ, ಇಲ್ಲದ ದಿನವಾದ 1900ರ ಫೆಬ್ರುವರಿ 29 ಬರುತ್ತದೆ. ಹಳೆಯದನ್ನು ಹೊಸದು ಓದುತ್ತದೆ. ಹೊಸದನ್ನು ಹಳೆಯದು ಓದುವುದರಲ್ಲಿಯೇ ತೊಡಕು.

ಇನ್ನು, ಎಲ್ಲ ತೊಂದರೆಗೂ ಹೊಸ ಆವೃತ್ತಿಯೇ ಮದ್ದಲ್ಲ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಕೋವಿಡ್ ರೋಗಿಗಳ ಪಟ್ಟಿಯನ್ನು ಹಳೆಯ ‘ಎಕ್ಸ್‌ಎಲ್‌ಎಸ್’ ಮಾದರಿಯ ಫೈಲಿಗೆ ತುಂಬುತ್ತಿದ್ದರು. ಆ ಮಾದರಿಯಲ್ಲಿ 65,536 ಸಾಲುಗಳಾದ ಮೇಲೆ ಜಾಗವಿಲ್ಲ. ಎಂಟೇ ದಿನಗಳಲ್ಲಿ 15,841 ಜನರ ಹೆಸರು ಪಟ್ಟಿಗೆ ಸೇರದೆ ಹೊರಗುಳಿಯಿತು; ಅವರ ಸಂಪರ್ಕಕ್ಕೆ ಬಂದವರಿಗೆ ಎಚ್ಚರಿಕೆ ಹೋಗುವುದು ತಡವಾಯಿತು. 2007ರಿಂದ ಬಂದ ‘ಎಕ್ಸ್‌ಎಲ್‌ಎಸ್‌ಎಕ್ಸ್’ ಮಾದರಿಯಲ್ಲಿ 10,48,576 ಸಾಲುಗಳಿವೆ. ನಾವು ಅಂದೇ ನಮ್ಮ ಹಾಜರಿಯ ಲೆಕ್ಕ ಹಾಕಿ ನೋಡಿದೆವು. ನಾನೂರು ಜನ, ದಿನಕ್ಕೆ ಎರಡು ಪಂಚು, ಇಪ್ಪತ್ತಾರು ದಿನ: ತಿಂಗಳಿಗೆ 20,800 ಸಾಲು. ಮೂರು ತಿಂಗಳಿಗೆ 62,400. ನಾಲ್ಕನೆಯ ತಿಂಗಳ ಮೊದಲ ವಾರದಲ್ಲೇ ಹಳೆಯ ಮಾದರಿ ತುಂಬಿಹೋಗುತ್ತದೆ! ಆದರೆ ಇದಕ್ಕೆ ಒಂದು ಕಾಸೂ ಬೇಡ. ನಮ್ಮ 2010ರಲ್ಲೇ ಹೊಸ ಮಾದರಿಯಾಗಿ ಉಳಿಸಿಟ್ಟರಾಯಿತು. ಅಭ್ಯಾಸಬಲದಿಂದ ನಾವೇ ಹಳೆಯದಾಗಿ ಉಳಿಸುತ್ತಿದ್ದೆವು.

ಹಾಗಾದರೆ ಕೊಳ್ಳಲು ನಿಜವಾದ ಕಾರಣವೇನು? ನಮ್ಮ ತಿಳಿವಳಿಕೆಯಲ್ಲಿ ಭದ್ರತೆ. ಎಕ್ಸೆಲ್ 2010ಕ್ಕೆ ಕಂಪನಿಯವರು ತಿದ್ದುಪಡಿ ಕೊಡುವುದು 2020ರ ಅಕ್ಟೋಬರ್ 13ಕ್ಕೆ ನಿಂತಿತು. 2016 ಮತ್ತು 2019ರವುಗಳಿಗೆ 2025ರ ಅಕ್ಟೋಬರ್ 14ಕ್ಕೆ. ಹೊರಗಿನಿಂದ ಮೇಲ್‌ನಲ್ಲಿ ಬಂದ ಫೈಲುಗಳನ್ನು ಅದೇ ಯಂತ್ರದಲ್ಲಿ ತೆರೆಯುತ್ತೇವೆ. ನಾನೂರು ಜನರ ಬ್ಯಾಂಕ್ ಖಾತೆ ನಂಬರುಗಳು ಇರುವುದೂ ಅದರಲ್ಲೇ. ಬೀಗ ಸವೆದ ತಿಜೋರಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಖರ್ಚು ಮಾತ್ರ ಹೇಳಿದಷ್ಟರಲ್ಲಿ ನಿಲ್ಲದು; ಹೊಸ ಆಫೀಸು ವಿಂಡೋಸ್ 7ರ ಮೇಲೆ ಕೂರುವುದಿಲ್ಲವಾಗಿ ಯಂತ್ರವನ್ನೂ ಬದಲಿಸಬೇಕಾದೀತು.

ಆದುದರಿಂದ ನಾವು ಸಾಹೇಬರಿಗೆ ಕೊಂಡುಕೊಳ್ಳಬೇಕೆಂದೇ ಟಿಪ್ಪಣಿ ಬರೆದುಕೊಟ್ಟೆವು. ಒಂದೇ ಯಂತ್ರದಲ್ಲಿ ಮೊದಲು ಹಾಕಿಸಿ, ಎರಡು ತಿಂಗಳು ಹಳೆಯದರಲ್ಲೂ ಹೊಸದರಲ್ಲೂ ಪಗಾರ ಮಾಡಿ, ಮೊತ್ತವನ್ನಷ್ಟೇ ಅಲ್ಲ, ಒಬ್ಬೊಬ್ಬರ ಸಾಲನ್ನೂ ತಾಳೆ ನೋಡಬೇಕೆಂದು ಕೇಳಿದ್ದೇವೆ. ತಾಳೆ ನೋಡುವ ಕೆಲಸ ಹಿರಿಯ ಕಾರಕೂನರದು. ಯಾರ ಪಗಾರ ಎಷ್ಟಿರಬೇಕೆಂದು ಅವರಿಗೆ ಬಾಯಿಪಾಠವಿದೆ. ಅಲ್ಲಿಯವರೆಗೆ ‘ಇಂಡೆಕ್ಸ್’ ಮತ್ತು ‘ಮ್ಯಾಚ್’ ಸೂತ್ರಗಳಿಂದಲೇ ಹುಡುಕಬೇಕೆಂದು ಹೆಡ್ ಆಫೀಸಿನ ಹುಡುಗನೂ ಒಪ್ಪಿದ್ದಾನೆ. ಅವು ಎಲ್ಲ ಆವೃತ್ತಿಗಳಲ್ಲೂ ನಡೆಯುತ್ತವೆ. ಕೆಲಸ ಹುಡುಕುತ್ತಿರುವ ತರುಣರೂ ಮೊದಲು ಅವನ್ನೇ ಕಲಿಯಲಿ. ಸೊನ್ನೆಯ ಹೊದಿಕೆಯನ್ನು ಮಾತ್ರ ಅಂದೇ ಕಿತ್ತುಹಾಕಿಸಿದೆವು.

ಇನ್ನು ಈ ವಾಚನಾಲಯದ ಕಂಪ್ಯೂಟರು. ಯಾರೋ ಪುಕ್ಕಟೆ ಪ್ರತಿ ಮಾಡಿದ ಎಕ್ಸೆಲ್ ತಂದುಕೊಡುತ್ತೇವೆಂದರು; ಕದ್ದ ಮಾಲು ಬೇಡ. ಚಂದಾ ಕಟ್ಟಿದರೆ ಪತ್ರಿಕೆಗಳ ಹಣ ಅದಕ್ಕೇ ಹೋದೀತು. ಇಲ್ಲಿಗೆ ಲಿಬ್ರೆಆಫೀಸ್ ಸಾಕು. ಅದು ನ್ಯಾಯವಾಗಿಯೇ ಪುಕ್ಕಟೆ, ಮೆನುಗಳೂ ಕನ್ನಡದಲ್ಲಿ ಸಿಗುತ್ತವೆ. 2024ರ ಆಗಸ್ಟಿನ ಆವೃತ್ತಿಯಿಂದ ಆ ಎಕ್ಸ್‌ಲುಕಪ್ಪೂ ಅದರಲ್ಲಿದೆ. ತೊಡಕಿರುವುದು ನಮ್ಮ ಸದಸ್ಯರ ಪಟ್ಟಿಯಲ್ಲಿ. ಅದು ಹಳೆಯ ನುಡಿ ಅಕ್ಷರದಲ್ಲಿದೆ. ಕಣ್ಣಿಗೆ ಕನ್ನಡವಾದರೂ ಯಂತ್ರದ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಾಗಾಗಿಯೇ ಅಕಾರಾದಿಯಾಗಿ ಜೋಡಿಸೆಂದರೆ ಹೆಸರುಗಳ ಕ್ರಮವೇ ಕೆಟ್ಟುಹೋಗುತ್ತದೆ. ಯಾವ ಹೊಸ ಆವೃತ್ತಿಯೂ ಇದನ್ನು ತಾನಾಗಿ ಸರಿಪಡಿಸದು. ಯೂನಿಕೋಡಿಗೆ ನಾವೇ ಬದಲಿಸಬೇಕು. ಬದಲಿಸುವ ಸಾಧನಗಳು ಸಿಗುತ್ತವೆ, ಆದರೆ ಒತ್ತಕ್ಷರಗಳಲ್ಲಿ ತಪ್ಪುಗಳು ಉಳಿಯುವುದುಂಟು. ಒಬ್ಬರು ಹಳೆಯ ರಿಜಿಸ್ಟರಿನಿಂದ ಹೆಸರು ಓದಬೇಕು, ಒಬ್ಬರು ತೆರೆಯ ಮೇಲೆ ನೋಡಬೇಕು. ಬರುವ ಭಾನುವಾರ ನಾಲ್ಕು ಗಂಟೆಗೆ ನಾವು ಇಲ್ಲಿರುತ್ತೇವೆ. ಓದುವುದಕ್ಕೆ ಇಬ್ಬರು ಬಂದರೆ ಸಂಜೆಯೊಳಗೆ ‘ಕ’ಕಾರದವರೆಗಾದರೂ ಮುಗಿದೀತು.