ಪ್ರತಿಜೈವಿಕ ಔಷಧಗಳ ಮನೆತನಗಳು



ಸಂಬಂಧ ಬೆಳೆಸುವ ಮುನ್ನ ಮನೆತನವನ್ನು ವಿಚಾರಿಸುವುದು ನಮ್ಮವರ ವಾಡಿಕೆ. ಆದರೆ ಒಡಲೊಳಕ್ಕೆ ಇಳಿಯುವ ಔಷಧದ ಮನೆತನವನ್ನು ಕೇಳುವವರು ವಿರಳ. ‘ಆಂಟಿಬಯಾಟಿಕ್ ಕೊಟ್ಟಿದ್ದಾರೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆ ಒಂದು ಹೆಸರಿನ ಅಡಿಯಲ್ಲಿ, ಗುಣದೋಷಗಳಲ್ಲಿ ಒಂದನ್ನೊಂದು ಹೋಲದ ಹಲವು ಬಳಗಗಳಿವೆ. ಅವುಗಳಲ್ಲಿ ಕೆಲವನ್ನು ಇಂದು ಪರಿಚಯ ಮಾಡಿಕೊಡಲು ಬಯಸುವೆವು.

ಎಲ್ಲಕ್ಕಿಂತ ಪ್ರಖ್ಯಾತವಾದುದು ಪೆನಿಸಿಲಿನ್. 1928ರಲ್ಲಿ ಲಂಡನ್ನಿನ ಅಲೆಗ್ಸಾಂಡರ್ ಫ್ಲೆಮಿಂಗರು, ತಾವು ರೋಗಾಣುಗಳನ್ನು ಬೆಳೆಸಿದ್ದ ಗಾಜಿನ ತಟ್ಟೆಯೊಂದಕ್ಕೆ ಬೂಷ್ಟು ಹಿಡಿದು, ಅದರ ಸುತ್ತಲಿನ ರೋಗಾಣುಗಳು ಕರಗಿಹೋಗಿರುವುದನ್ನು ಕಂಡರು. ಅದನ್ನು ಮದ್ದಾಗಿ ರೂಪಿಸಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಅವರ ಸಂಗಡಿಗರು. 1941ರಲ್ಲಿ ಅಲ್ಲಿಯ ಪೊಲೀಸಿನವನೊಬ್ಬನಿಗೆ ಅದನ್ನು ಕೊಡಲಾಗಿ, ಕೆಲವೇ ದಿನಗಳಲ್ಲಿ ಅವನು ಚೇತರಿಸಿಕೊಂಡನು. ಮದ್ದು ಎಷ್ಟು ಅಲ್ಪವಾಗಿತ್ತೆಂದರೆ ಅವನ ಮೂತ್ರದಿಂದಲೇ ಅದನ್ನು ಬೇರ್ಪಡಿಸಿ ಮತ್ತೆ ಚುಚ್ಚಬೇಕಾಯಿತು. ಅದೂ ತೀರಿತು, ರೋಗ ಮರುಕಳಿಸಿತು, ಆತನು ಉಳಿಯಲಿಲ್ಲ.

ಪೆನಿಸಿಲಿನ್ ಕೆಡಿಸುವುದು ರೋಗಾಣುವಿನ ಮೈಯ ಹೊರಗೋಡೆಯನ್ನು. ಮನುಷ್ಯನ ಜೀವಕೋಶಗಳಿಗೆ ಅಂತಹ ಗೋಡೆಯೇ ಇಲ್ಲವಾದುದರಿಂದ ಅದು ನಮಗೆ ಬಹುಮಟ್ಟಿಗೆ ನಿರಪಾಯಕರ. ಆದರೂ ಕೆಲವರ ಮೈಗೆ ಅದು ಒಗ್ಗದು: ದದ್ದುಗಳೆದ್ದು, ಉಸಿರು ಕಟ್ಟಿ, ನಿಮಿಷಗಳಲ್ಲಿ ಪ್ರಾಣಾಪಾಯ ಒದಗಬಹುದು. ಸೆಫಲೋಸ್ಪೊರಿನ್‌ಗಳು ಇದರ ದಾಯಾದಿಗಳು. ಒಂದು ಒಗ್ಗದವರು ಇನ್ನೊಂದನ್ನು ತೆಗೆದುಕೊಳ್ಳುವ ಮುನ್ನ ವೈದ್ಯರಿಗೆ ತಿಳಿಸತಕ್ಕದ್ದು.

ಸ್ಟ್ರೆಪ್ಟೊಮೈಸಿನ್ನಿನ ಸ್ವಭಾವವೇ ಬೇರೆ. 1943ರಲ್ಲಿ ಅಮೆರಿಕದ ವಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ ಷಾಟ್ಜ್ ಎಂಬ ತರುಣರು ಇದನ್ನು ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದರು. ಕ್ಷಯಕ್ಕೆ ಇದಿರಾಗಿ ನಿಂತ ಮೊದಲ ಪ್ರತಿಜೈವಿಕ ಇದೇ. ಇದು ಮತ್ತು ಇದರ ಬಳಗದ ಜೆಂಟಮೈಸಿನ್, ರೋಗಾಣುವು ಸಸಾರಜನಕವನ್ನು ಕಟ್ಟಿಕೊಳ್ಳುವ ಕೆಲಸವನ್ನು ಕೆಡಿಸುತ್ತವೆ. ಆದರೆ ಒಳಗಿವಿಯ ನವುರಾದ ಕೋಶಗಳು ಇವುಗಳಿಂದ ನಶಿಸಿದರೆ ಮತ್ತೆ ಹುಟ್ಟುವುದಿಲ್ಲ. ಜೀವ ಉಳಿದು ಕಿವಿ ಹೋದವರುಂಟು. ಮೂತ್ರಪಿಂಡಗಳಿಗೂ ಅಪಾಯವಿರುವುದರಿಂದ ರಕ್ತಪರೀಕ್ಷೆ ಮಾಡಿಸುತ್ತ ಕೊಡುತ್ತಾರೆ.

ಟೆಟ್ರಸೈಕ್ಲಿನ್ ಬಳಗದ ಮೊದಲ ಮದ್ದು 1948ರಲ್ಲಿ ಹೊರಬಂದಿತು. ಅದನ್ನು ಕಂಡುಹಿಡಿದವರು ಡಗ್ಗರ್. ಆ ಸಂಶೋಧನಾಲಯದ ಮುಖ್ಯಸ್ಥರಾಗಿದ್ದವರು ನಮ್ಮ ನೆರೆಯ ತೆಲುಗು ನಾಡಿನ ಯಲ್ಲಾಪ್ರಗಡ ಸುಬ್ಬರಾಯರು. ಟೈಫಸ್ ಮೊದಲಾದ ಜ್ವರಗಳಿಗೆ ಇದು ಬಲು ಉಪಯುಕ್ತ. ಎಳೆಯ ಮಕ್ಕಳಿಗೆ ಕೊಟ್ಟರೆ ಹಲ್ಲುಗಳು ಶಾಶ್ವತವಾಗಿ ಹಳದಿಗಟ್ಟಬಹುದು. ಸಿಪ್ರೊಫ್ಲಾಕ್ಸಸಿನ್ನಿನ ಬಳಗದಿಂದ ವಿರಳವಾಗಿ ಹಿಮ್ಮಡಿಯ ಸ್ನಾಯುರಜ್ಜು ಹರಿಯುವುದುಂಟು. ಅಮೆರಿಕದ ಸರಕಾರವು 2008ರಲ್ಲಿ ಈ ಬಗ್ಗೆ ಕಟ್ಟೆಚ್ಚರಿಕೆ ಹೊರಡಿಸಿತು.

ನೆಗಡಿಯನ್ನು ತರುವ ವೈರಸ್‌ಗಳ ಮುಂದೆ ಈ ಯಾವ ಬಳಗವೂ ನಿರರ್ಥಕ. ಅನಗತ್ಯವಾಗಿ ನುಂಗಿದ ಮಾತ್ರೆಯಾದರೋ, ಮೈಯಲ್ಲಿರುವ ಇತರ ಸೂಕ್ಷ್ಮಜೀವಿಗಳಲ್ಲಿ ದುರ್ಬಲವಾದುವನ್ನು ಕೊಂದು, ಮದ್ದಿಗೆ ಮಣಿಯದವನ್ನು ಬೆಳೆಯಗೊಡುತ್ತದೆ. ಸಾಲದ ಪ್ರಮಾಣದ ಮದ್ದಿನಿಂದ ಆಗುವ ಈ ಅನರ್ಥವನ್ನು ಫ್ಲೆಮಿಂಗರು 1945ರಲ್ಲಿ ನೊಬೆಲ್ ಭಾಷಣದಲ್ಲಿಯೇ ಸೂಚಿಸಿದ್ದರು.

ನಮ್ಮ ದೇಶದಲ್ಲಿ 2014ರಲ್ಲಿ ಜಾರಿಗೆ ಬಂದ ಎಚ್1 ನಿಯಮದಂತೆ, ಇಂತಹ ಕೆಲವು ಔಷಧಗಳನ್ನು ಮಾರುವ ಅಂಗಡಿಯವನು ವೈದ್ಯರ, ರೋಗಿಯ ಮತ್ತು ಮದ್ದಿನ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಅವನು ಬರೆಯುವಾಗ ನಾವೂ ಒಂದು ಚೀಟಿಯಲ್ಲಿ ಆ ಹೆಸರನ್ನು ಗುರುತುಮಾಡಿಕೊಂಡರೆ, ಮುಂದೊಮ್ಮೆ ವೈದ್ಯರು ‘ಯಾವ ಮದ್ದು ನಿಮಗೆ ಒಗ್ಗಲಿಲ್ಲ?’ ಎಂದು ಕೇಳಿದಾಗ ‘ಅದೇ, ಕೆಂಪು ಮಾತ್ರೆ’ ಎಂದು ಉತ್ತರಿಸುವ ಪ್ರಮೇಯ ಬರಲಾರದು.