ಬಿಡಿ ಹಾಳೆಗಳೂ ಕಟ್ಟಿದ ಹೊತ್ತಗೆಯೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವೇದಿಕೆಯಲ್ಲಿ ಕನ್ನಡದ ಉಪಾಧ್ಯಾಯನೊಬ್ಬನು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವುದು ವಾಡಿಕೆ. ನಾನು ಇಂದು ಎತ್ತಿಕೊಂಡಿರುವ ವಿಷಯವಾದರೋ ಮಕ್ಕಳ ಚಿತ್ರಕಥೆ; ಅದರಲ್ಲಿಯೂ ಯೂರೋಪಿನ ಉತ್ತರದ ಪುರಾಣದಿಂದ ಹುಟ್ಟಿ ಅಮೆರಿಕದಲ್ಲಿ ಬೆಳೆದ ಚಿತ್ರಕಥೆ. ಇದಕ್ಕೂ ನಮ್ಮ ರಾಯದುರ್ಗ ಮಡಕಶಿರಗಳಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವಿದೆಯೆಂದೇ ನನ್ನ ನಂಬಿಕೆ. ಸ್ವಲ್ಪ ತಾಳ್ಮೆಯಿಂದ ಆಲಿಸಬೇಕೆಂದು ಪ್ರಾರ್ಥಿಸುತ್ತೇನೆ.

ಥಾರ್ ಎಂಬ ಹೆಸರು ನಮ್ಮ ಹುಡುಗರಿಗೆ ಹೊಸದಲ್ಲ. ತೆಲುಗು ಮಾತು ಕೂಡಿಸಿದ ಚಲನಚಿತ್ರಗಳಲ್ಲಿ ಅವನನ್ನು ಕಂಡಿದ್ದಾರೆ. “ಅವನ ಸುತ್ತಿಗೆಯೂ ಇಂದ್ರನ ವಜ್ರಾಯುಧವೂ ಒಂದೇ ಏನು, ಸಾರ್?” ಎಂದು ತರಗತಿಯಲ್ಲಿ ಒಬ್ಬ ಹುಡುಗನು ಕೇಳಿದನು. ಪ್ರಶ್ನೆ ಜಾಣತನದ್ದೇ. ಥಾರನು ಗುಡುಗಿನ ದೇವರು. ಲೋಕವನ್ನೇ ಸುತ್ತಿಕೊಂಡು ಮಲಗಿರುವ ಮಹಾಸರ್ಪ ಅವನ ಹಗೆ. ನಮ್ಮ ವೇದವೂ ಇಂದ್ರನ ಶತ್ರುವಾದ ವೃತ್ರನನ್ನು ‘ಅಹಿ’, ಎಂದರೆ ಹಾವು, ಎಂದು ಕರೆಯುತ್ತದೆ. ಆದರೆ ಇಂದ್ರನು ವೃತ್ರನನ್ನು ಕೊಂದು ಉಳಿಯುತ್ತಾನೆ. ಥಾರನು ಲೋಕಾಂತ್ಯದ ದಿನ ಸರ್ಪವನ್ನು ಕೊಂದು, ಅದರ ವಿಷದಿಂದ ಒಂಬತ್ತು ಹೆಜ್ಜೆ ನಡೆಯುವಷ್ಟರಲ್ಲಿ ತಾನೂ ಬೀಳುತ್ತಾನೆ.

ಈ ಕಥೆಗಳು ನಮ್ಮ ಕಾಲದವರೆಗೆ ಬಂದ ಬಗೆಯನ್ನು ನೋಡೋಣ. ಐಸ್‌ಲೆಂಡ್ ಎಂಬುದು ಉತ್ತರ ಅಟ್ಲಾಂಟಿಕ್ ಸಾಗರದ ಒಂದು ದ್ವೀಪ. ಅಲ್ಲಿಯ ಜನ ಸುಮಾರು 1000ನೆಯ ಇಸವಿಯಲ್ಲಿ ಕ್ರೈಸ್ತ ಮತವನ್ನು ಅಂಗೀಕರಿಸಿದರು. ಹಳೆಯ ದೇವರುಗಳ ಪೂಜೆ ನಿಂತಿತು. ಎರಡು ಶತಮಾನಗಳಾದ ಮೇಲೆ, ಸುಮಾರು 1220ರಲ್ಲಿ, ಸ್ನೋರಿ ಸ್ಟುರ್ಲುಸನ್ ಎಂಬ ಪಂಡಿತನು ‘ಎಡ್ಡ’ ಎಂಬ ಗ್ರಂಥವನ್ನು ರಚಿಸಿ ಆ ಕಥೆಗಳನ್ನೆಲ್ಲ ಒಂದೆಡೆ ಕೂಡಿಸಿದನು. ಅವನೂ ಕ್ರೈಸ್ತನೇ, ಹಳೆಯ ಪೂಜೆಯನ್ನು ಮರಳಿ ತರುವುದು ಅವನ ಉದ್ದೇಶವಾಗಿರಲಿಲ್ಲ. ಅವರ ಕಾವ್ಯದಲ್ಲಿ ಚಿನ್ನವನ್ನು ಚಿನ್ನವೆನ್ನದೆ ‘ಸಿಫ್‌ಳ ಕೂದಲು’ ಎನ್ನುತ್ತಿದ್ದರು. ಸಿಫ್ ಥಾರನ ಹೆಂಡತಿ. ಕಥೆ ಮರೆತವನಿಗೆ ಆ ಮಾತು ಒಗಟು. ಕಥೆ ಹೋದರೆ ಕಾವ್ಯ ಹೋಗುತ್ತದೆ, ಕಾವ್ಯದೊಡನೆ ನುಡಿಯ ಸತ್ತ್ವವೂ ಹೋಗುತ್ತದೆಂದು ಬಗೆದು ಅವನು ತರುಣ ಕವಿಗಳಿಗಾಗಿ ಬರೆದನು. ‘ಮುಕ್ಕಣ್ಣ’ನೆಂದರೆ ಯಾರೆಂದು ತಿಳಿಯದ ಹುಡುಗನಿಗೆ ಹಳಗನ್ನಡ ಪದ್ಯವನ್ನು ಪಾಠ ಹೇಳುವ ಕಷ್ಟವನ್ನು ಬಲ್ಲ ನನಗೆ ಈ ಸ್ನೋರಿ ನಮ್ಮ ವೃತ್ತಿಯವನೇ ಎನಿಸುತ್ತದೆ.

ಅದೇ ಶತಮಾನದಲ್ಲಿ ಬರೆದ ಮತ್ತೊಂದು ತೊಗಲಿನ ಹಸ್ತಪ್ರತಿಯಲ್ಲಿ ಹಳೆಯ ಹಾಡುಗಳೇ ಉಳಿದಿವೆ. ಈಗ ದೊರೆಯುವುದು 45 ಹಾಳೆಗಳು. ನಡುವಿನ 8 ಹಾಳೆಗಳು ಎಂದೋ ಕಳಚಿಹೋದವು. ಅವುಗಳೊಡನೆ ಸಿಗುರ್ಡ್ ಎಂಬ ವೀರನ ಕಥೆಯ ಬಹುಭಾಗದ ಹಾಡುಗಳೂ ಹೋದವು. ಈ ಪ್ರತಿ 1662ರಲ್ಲಿ ಡೆನ್ಮಾರ್ಕಿನ ದೊರೆಗೆ ಸಂದಿತು. 1971ರ ಏಪ್ರಿಲ್ 21ರಂದು ಅದು ಹಡಗಿನಲ್ಲಿ ಐಸ್‌ಲೆಂಡಿಗೆ ಮರಳಿದಾಗ ಬಂದರಿನಲ್ಲಿ ಜನ ಕಿಕ್ಕಿರಿದು ನೆರೆದರು. ಒಂದು ಹಳೆಯ ಹೊತ್ತಗೆಯನ್ನು ಎದುರುಗೊಳ್ಳಲು ಬಂದ ಜನರು ಅವರು!

ಇನ್ನು ಅಮೆರಿಕಕ್ಕೆ ಬರೋಣ. ಸ್ಟ್ಯಾನ್ ಲೀ, ಅವನ ತಮ್ಮ ಲ್ಯಾರಿ ಲೀಬರ್, ಚಿತ್ರಕಾರ ಜ್ಯಾಕ್ ಕರ್ಬಿ ಈ ಮೂವರೂ ನ್ಯೂಯಾರ್ಕಿಗೆ ವಲಸೆ ಬಂದ ಯೆಹೂದಿ ಕುಟುಂಬಗಳ ಮಕ್ಕಳು. ಥಾರನು ಅವರ ಕುಲದ ದೇವರಲ್ಲ. ಆದರೂ 1962ರ ಆಗಸ್ಟ್ ಸಂಚಿಕೆಯೊಂದರಲ್ಲಿ ಅವನನ್ನು ಚಿತ್ರಕಥೆಯ ವೀರನನ್ನಾಗಿ ಮಾಡಿದರು. ಕುಂಟನಾದ ವೈದ್ಯನೊಬ್ಬನು ಊರುಗೋಲನ್ನು ನೆಲಕ್ಕೆ ಕುಟ್ಟಿದರೆ ಅದು ಸುತ್ತಿಗೆಯಾಗುತ್ತದೆ, ಅವನು ಥಾರನಾಗುತ್ತಾನೆ! 1963ರಿಂದ ಅದೇ ಪತ್ರಿಕೆಯ ಕೊನೆಯ ಪುಟಗಳಲ್ಲಿ ಮೂಲ ಪುರಾಣದ ಕಥೆಗಳನ್ನೂ ಹೇಳತೊಡಗಿದರು. 1983ರಲ್ಲಿ ವಾಲ್ಟರ್ ಸೈಮನ್‌ಸನ್ ಎಂಬವನು ಬರವಣಿಗೆ ಚಿತ್ರಗಳೆರಡನ್ನೂ ವಹಿಸಿಕೊಂಡು ಕಥೆಯನ್ನು ಪುರಾಣಕ್ಕೆ ಇನ್ನಷ್ಟು ಸಮೀಪ ತಂದನು. ಮೊದಲ ಸಂಚಿಕೆಯ ಬೆಲೆ 12 ಸೆಂಟು, ಕಾಗದ ಅಗ್ಗದ್ದು, ಓದಿ ಎಸೆಯಲೆಂದೇ ಅಚ್ಚಾದುದು. ಆದರೆ 1991ರಿಂದ ಆ ಕಥೆಗಳು ಗಟ್ಟಿ ರಟ್ಟಿನ ಸಂಪುಟಗಳಾಗಿ ಬಂದವು. ಹುಡುಗುತನದಲ್ಲಿ ಬಿಡಿಯಾಗಿ ಓದಿದವರು ಈಗ ಮೊಮ್ಮಕ್ಕಳಿಗೆ ಇಡಿಯಾಗಿ ಕೊಡಬಲ್ಲರು.

ಕನ್ನಡದಲ್ಲಿ ಇಂಥದು ಇರಲಿಲ್ಲವೆ? ಇತ್ತು. ನಾಡಿನಲ್ಲೆಲ್ಲ ಹೆಸರಾದ ‘ಅಮರ ಚಿತ್ರ ಕಥೆ’ಯ ಮೊದಲ ಹೆಜ್ಜೆ ಬಿದ್ದುದೇ ಕನ್ನಡದಲ್ಲಿ. 1965ರ ಸುಮಾರಿಗೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮರ ಪ್ರಯತ್ನದಿಂದ ಪಾಶ್ಚಾತ್ಯ ಕಿನ್ನರ ಕಥೆಗಳು ಕನ್ನಡದಲ್ಲಿ ಹೊರಬಂದವು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು ನಮ್ಮ ಪುರಾಣಗಳಿಗೆ ಕೈಹಾಕಿದರು. ಮೊದಲ ಹತ್ತು ಸಂಖ್ಯೆಗಳು ಆಗಲೇ ಮುಗಿದಿದ್ದುದರಿಂದ ಶ್ರೀಕೃಷ್ಣನಿಗೆ ದೊರೆತುದು 11ನೆಯ ಸಂಖ್ಯೆ. 1985ರಿಂದ 42 ಸಂಚಿಕೆಗಳಲ್ಲಿ ಬಂದ ಮಹಾಭಾರತವನ್ನು ಇಂದು ಇಂಗ್ಲಿಷಿನಲ್ಲಿ ಮೂರು ಸಂಪುಟಗಳಾಗಿ ಕೊಳ್ಳಬಹುದು. ಕನ್ನಡದ ಬಿಡಿ ಸಂಚಿಕೆಗಳೋ, ನಮ್ಮ ಮನೆಗಳ ಅಟ್ಟದ ಮೇಲೆ, ಹಳೆಯ ಟ್ರಂಕುಗಳ ತಳದಲ್ಲಿ, ಮುಖಪುಟ ಹರಿದು ಬಿದ್ದಿವೆ.

ಚಿತ್ರದಲ್ಲಿ ಕಥೆ ಹೇಳುವುದು ನಮಗೆ ಹೊಸತೂ ಅಲ್ಲ. ಮಡಕಶಿರಕ್ಕೆ ದೂರವಲ್ಲದ ಲೇಪಾಕ್ಷಿಯಲ್ಲಿ, ವೀರಭದ್ರ ದೇವಾಲಯದ ಮೇಲ್ಚಾವಣಿಯ ಮೇಲೆ, 16ನೆಯ ಶತಮಾನದ ಚಿತ್ರಗಾರರು ಕಿರಾತಾರ್ಜುನರ ಕಥೆಯನ್ನು ಸಾಲು ಚಿತ್ರಗಳಲ್ಲಿ ಹೇಳಿದ್ದಾರೆ. ಪಂಪನೂ ಕುಮಾರವ್ಯಾಸನೂ ಹೇಳಿದ ಕಥೆಯೇ ಅದು. ಅಲ್ಲಲ್ಲಿ ಬಣ್ಣ ಉದುರಿದೆ. ಉದುರಿದ ಕಡೆ ಕಥೆ ತಿಳಿದವನು ಮಾತ್ರ ಮುಂದಕ್ಕೆ ಓದಬಲ್ಲನು.

ಮಹನೀಯರೆ, 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ರಾಯದುರ್ಗ ಆಂಧ್ರಕ್ಕೆ ಸೇರಿತು. 2022ರಲ್ಲಿ ಮಡಕಶಿರ ಅನಂತಪುರ ಜಿಲ್ಲೆಯಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿಯ ಗೆರೆಗಳು ನಮ್ಮ ಕೈಯಲ್ಲಿಲ್ಲ. ತೆಲುಗು ನಮಗೆ ಅನ್ನ ಕೊಡುವ ನುಡಿ, ನೆರೆಯವರ ನುಡಿ. ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಮನೆಯಲ್ಲಿ ಕನ್ನಡವಾಡುವ ಮಗುವಿನ ಕೈಗೆ, ಅದು ತಾನಾಗಿ ಬಯಸಿ ಓದುವಂಥ ಒಂದು ಕನ್ನಡ ಪುಸ್ತಕ ಸಿಗದಿದ್ದರೆ, ಕನ್ನಡ ಅದಕ್ಕೆ ಪರೀಕ್ಷೆಯ ವಿಷಯ ಮಾತ್ರವಾಗಿ ಉಳಿದೀತು. ಕೆಲವು ವರ್ಷಗಳಲ್ಲಿ ಅದೂ ಉಳಿಯದು.

ಆದುದರಿಂದ ಸಂಘದ ಮುಂದೆ ನನ್ನದೊಂದು ಅರಿಕೆ. ಭವನ ಕಟ್ಟುವ ಮಾತು ಹಾಗಿರಲಿ. ಮೊದಲು ಹೊತ್ತಗೆ ಕಟ್ಟೋಣ. ಪ್ರತಿಯೊಬ್ಬರೂ ಮನೆಯಲ್ಲಿರುವ ಕನ್ನಡದ ಬಿಡಿ ಚಿತ್ರಕಥೆಗಳನ್ನು ಹುಡುಕಿ ತಂದುಕೊಡಿ. ಹರಿದುದನ್ನು ಅಂಟಿಸಿ, ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ದಾರ ಹಾಕಿ ರಟ್ಟು ಕಟ್ಟಿಸಿ, ಎರಡು ತಾಲೂಕುಗಳ ಕನ್ನಡ ಶಾಲೆಗಳಿಗೆ ಹಂಚೋಣ. ಕಾಣೆಯಾದ ಸಂಖ್ಯೆಗೆ ಖಾಲಿ ಹಾಳೆಗಳನ್ನು ಸೇರಿಸೋಣ. ಅಜ್ಜಿಯಿಂದ ಆ ಕಥೆಯನ್ನು ಕೇಳಿದ ಹುಡುಗನೋ ಹುಡುಗಿಯೋ ತನ್ನ ಕೈಯಿಂದಲೇ ಅಲ್ಲಿ ಚಿತ್ರ ಬರೆಯಲಿ, ಮಾತು ತುಂಬಲಿ. ಐಸ್‌ಲೆಂಡಿನ ಆ ಎಂಟು ಹಾಳೆಗಳನ್ನು ಯಾರೂ ತುಂಬಲಾರರು. ನಮ್ಮಲ್ಲಿ ಕಥೆ ಬಲ್ಲ ಮುದುಕಿಯರು ಇನ್ನೂ ಇದ್ದಾರೆ. ಅವರು ಇರುವಾಗಲೇ ಈ ಕೆಲಸವಾಗಬೇಕು.