ಐವತ್ತೋ, ಇಪ್ಪತ್ನಾಲ್ಕೋ? ಲೆನ್ಸ್ ಕೊಳ್ಳೋ ಮುಂಚೆ ಕೋಣೆ ಅಳೆಯಿರಿ

ಈ ವಾರದ ಸಂಚಿಕೆ ಪೂರ್ತಿ ಒಂದೇ ಪ್ರಶ್ನೆಗೆ ಮೀಸಲು. ತೀರ್ಥಹಳ್ಳಿ ಕಡೆಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಬಿ.ಕಾಂ ಕೊನೆಯ ವರ್ಷ. ಕ್ಯಾನನ್ 200ಡಿ ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ತಗೊಂಡು ಊರಲ್ಲೇ ನಾಮಕರಣ, ಸೀಮಂತ, ಹುಟ್ಟುಹಬ್ಬ ಅಂತ ಮನೆ ಕಾರ್ಯಕ್ರಮಗಳ ಫೋಟೊ ತೆಗೀತಿದ್ದಾರೆ. ಹೋದ ತಿಂಗಳು ಒಂದು ನಾಮಕರಣದಲ್ಲಿ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವೀಲಿ ಹೆಸರು ಹೇಳೋ ಫೋಟೊ ಕಲಸಿ ಹೋಗಿತ್ತಂತೆ. ಮನೆಯವರು ಜಗಳ ಆಡಲಿಲ್ಲ, ದುಡ್ಡೂ ಕೊಟ್ರು. ಆದ್ರೆ ‘ಅದೊಂದು ಫೋಟೊ ಚೆನ್ನಾಗಿ ಬರಬೇಕಿತ್ತಮ್ಮ’ ಅಂದ್ರಂತೆ. ಅದೇ ಅವರನ್ನ ಕೊರೀತಾ ಇದೆ.

ಅವರ ಪ್ರಶ್ನೆ ಇಷ್ಟು: ‘ಅಣ್ಣಾ, ನಾಲ್ಕು ಕಾರ್ಯಕ್ರಮದ ದುಡ್ಡು ಕೂಡಿಟ್ಟಿದ್ದೀನಿ. ಒಂದು ಲೆನ್ಸ್ ತಗೋಬಹುದು. ಎಲ್ಲರೂ 50 ಎಂಎಂ ಎಫ್ 1.8 ಕಣ್ಮುಚ್ಚಿ ತಗೋ ಅಂತಾರೆ. ತಗೊಳ್ಲಾ?’

ಕಣ್ಮುಚ್ಚಿ ಬೇಡ. ಕಣ್ಣು ಬಿಟ್ಟು, ಕೈಯಲ್ಲಿ ಟೇಪ್ ಹಿಡಿದು ತಗೊಳ್ಳೋಣ. ಯಾಕೆ ಅಂತ ಹೇಳ್ತೀನಿ.

ಮೊದಲು, ಎಲ್ಲರೂ ಐವತ್ತು ಅನ್ನೋದಕ್ಕೆ ಕಾರಣ ಇದೆ. ಜೂಮ್ ಇಲ್ಲದ, ಒಂದೇ ಫೋಕಲ್ ಲೆಂತ್ ಇರೋ ಲೆನ್ಸನ್ನ ಪ್ರೈಮ್ ಅಂತೀವಿ. ಅದರ ಬಾಯಿ, ಅಂದ್ರೆ ಅಪರ್ಚರ್, ದೊಡ್ಡದಾಗಿ ತೆರೆದುಕೊಂಡ್ರೆ ಫಾಸ್ಟ್ ಪ್ರೈಮ್. 200ಡಿ ಜೊತೆ ಬರೋ 18-55 ಕಿಟ್ ಲೆನ್ಸ್ ವೈಡ್ ತುದಿಯಲ್ಲಿ ಎಫ್ 4, ಜೂಮ್ ಮಾಡಿದ ತುದಿಯಲ್ಲಿ ಎಫ್ 5.6. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. 5.6ನ್ನ 1.8ರಿಂದ ಭಾಗಿಸಿ, ಬಂದ ಉತ್ತರವನ್ನ ಅದರಿಂದಲೇ ಗುಣಿಸಿ. ಹತ್ತಿರ ಹತ್ತಿರ ಹತ್ತು. ಅಂದ್ರೆ ಐವತ್ತರ ಪ್ರೈಮ್, ಕಿಟ್ ಲೆನ್ಸಿನ ಆ ತುದಿಗಿಂತ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತೆ. ಕ್ಯಾನನ್ ಲೆನ್ಸ್‌ಗಳಲ್ಲಿ ಅಗ್ಗದವುಗಳ ಸಾಲಲ್ಲೇ ಇದೂ ಬರುತ್ತೆ. ಹಾಗಾಗಿ ಸಲಹೆ ಕೊಡೋರದ್ದು ತಪ್ಪಲ್ಲ. ಅವರು ಬೆಳಕಿನ ಲೆಕ್ಕ ಹೇಳ್ತಿದ್ದಾರೆ, ಜಾಗದ ಲೆಕ್ಕ ಬಿಟ್ಟುಬಿಟ್ಟಿದ್ದಾರೆ.

ಜಾಗದ ಲೆಕ್ಕಕ್ಕೆ ಬರೋಣ. 200ಡಿ ಒಳಗಿರೋದು ಕ್ರಾಪ್ ಸೆನ್ಸರ್. ಫುಲ್ ಫ್ರೇಮ್ ಸೆನ್ಸರ್ ಅಗಲ 36 ಎಂಎಂ, ಇದರ ಅಗಲ 22 ಎಂಎಂ ಚಿಲ್ಲರೆ. ಲೆನ್ಸ್ ಅದೇ, ಆದ್ರೆ ಅದು ತೋರಿಸೋ ಚಿತ್ರದ ನಡುವಿನ ತುಂಡು ಮಾತ್ರ ನಮಗೆ ಸಿಗುತ್ತೆ. ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿ ಅಂತಾರಲ್ಲ, ಅದು ಇದೇ. ಐವತ್ತು, ನೋಟದ ಮಟ್ಟಿಗೆ ಎಂಬತ್ತರ ಹಾಗೆ ಆಗುತ್ತೆ. ಎಂಬತ್ತು ಅಂದ್ರೆ ಮುಖದ ಪೋರ್ಟ್ರೇಟ್ ತೆಗೆಯೋಕೆ ಹೇಳಿ ಮಾಡಿಸಿದ ಅಳತೆ. ಮನೆ ಹಾಲ್‌ಗೆ?

ಒಂದು ಸುಲಭದ ಸೂತ್ರ ಬರ್ಕೊಳ್ಳಿ. ಫ್ರೇಮಿನಲ್ಲಿ ಎಷ್ಟು ಅಡಿ ಅಗಲ ಹಿಡಿಸಬೇಕೋ ಅದನ್ನ ಲೆನ್ಸಿನ ಎಂಎಂನಿಂದ ಗುಣಿಸಿ, 22ರಿಂದ ಭಾಗಿಸಿ. ನೀವು ಎಷ್ಟು ಅಡಿ ದೂರ ನಿಲ್ಲಬೇಕು ಅನ್ನೋದು ಬರುತ್ತೆ. ತೊಟ್ಟಿಲ ಸುತ್ತ ಐದು ಜನ ನಿಂತ್ರೆ ಸುಮಾರು ಎಂಟಡಿ. ಎಂಟು ಇಂಟು ಐವತ್ತು, ಭಾಗಿಸು 22, ಹದಿನೆಂಟು ಅಡಿ. ಈಗ ಹೇಳಿ, ನಮ್ಮ ಮನೆಗಳಲ್ಲಿ ಹತ್ತು-ಹನ್ನೆರಡರ ಕೋಣೆಯಲ್ಲಿ ಹದಿನೆಂಟು ಅಡಿ ಹಿಂದೆ ಹೋಗೋದು ಎಲ್ಲಿಗೆ? ಗೋಡೆ ಆಚೆ, ಅಡುಗೆಮನೆಗೆ! ಒಬ್ಬರೇ ನಿಂತಿದ್ದು, ಕ್ಯಾಮೆರಾ ಉದ್ದುದ್ದ ಹಿಡಿದು ತಲೆಯಿಂದ ಕಾಲವರೆಗೆ ಬೇಕು ಅಂದ್ರೂ ಸುಮಾರು ಹದಿನೈದು ಅಡಿ ಬೇಕು. ಹಾಲ್ ತುಂಬ ನೆಂಟರು ಕೂತಿರ್ತಾರೆ ಅನ್ನೋದು ಬೇರೆ.

ಅದೇ ಎಂಟಡಿಗೆ 24 ಎಂಎಂ ಹಾಕಿ ನೋಡಿ. ಒಂಬತ್ತು ಅಡಿಯೊಳಗೆ ಕೆಲಸ ಮುಗೀತು. ಕ್ರಾಪ್ ಕ್ಯಾಮೆರಾಗಳಿಗೆ ಅಂತಲೇ ಕ್ಯಾನನ್ 2014ರಲ್ಲಿ 24 ಎಂಎಂ ಎಫ್ 2.8 ಎಸ್‌ಟಿಎಂ ತಂತು. ಚಪಾತಿ ಥರ ತೆಳ್ಳಗಿದೆ, ಪ್ಯಾನ್‌ಕೇಕ್ ಅಂತಲೇ ಕರೀತಾರೆ.

‘ಎಫ್ 2.8 ಕಮ್ಮಿ ಅಲ್ವಾ?’ ಅಂತ ಕೇಳ್ತೀರಿ. ಹೌದು, 1.8ಕ್ಕೆ ಹೋಲಿಸಿದ್ರೆ ಅರ್ಧಕ್ಕಿಂತ ಕಮ್ಮಿ ಬೆಳಕು. ಇದು ನಿಜವಾದ ನಷ್ಟ, ಮುಚ್ಚಿಡಲ್ಲ. ಆದ್ರೆ ಆ ಹೆಸರಿಡೋ ಕ್ಷಣಕ್ಕೆ ವಾಪಸ್ ಹೋಗಿ. ಸೋದರತ್ತೆ ಮುಖ, ಮಗು ಮುಖ, ಪಕ್ಕದಲ್ಲಿ ತಾಯಿ. ಮೂರೂ ಒಂದೇ ಗೆರೆಯಲ್ಲಿ ಇರಲ್ಲ. ಐವತ್ತರ ಲೆನ್ಸನ್ನ 1.8ಕ್ಕೆ ತೆರೆದು ಐದಡಿ ದೂರದಿಂದ ತೆಗೆದ್ರೆ, ಸ್ಪಷ್ಟವಾಗಿ ಕಾಣೋ ಆಳ ಸುಮಾರು 6 ಸೆಂಟಿಮೀಟರ್. ಸೋದರತ್ತೆ ಕಣ್ಣು ಸಿಕ್ಕಿದ್ರೆ ಮಗು ಮಸುಕು, ಮಗು ಸಿಕ್ಕಿದ್ರೆ ಸೋದರತ್ತೆ ಮಸುಕು. ಹಾಗಾಗಿ ನೀವೇ ಎಫ್ 4ಕ್ಕೋ 5.6ಕ್ಕೋ ಇಳಿಸ್ತೀರಿ. ಆ ಹತ್ತು ಪಟ್ಟು ಬೆಳಕು ಎಲ್ಲಿ ಹೋಯ್ತು? ದುಡ್ಡು ಕೊಟ್ಟು ತಂದಿದ್ದು ಬೀರುವಿನಲ್ಲೇ ಉಳೀತು. 24ರಲ್ಲಿ 2.8ಕ್ಕೆ ಪೂರ್ತಿ ತೆರೆದು ಅಷ್ಟೇ ದೂರದಿಂದ ತೆಗೆದ್ರೆ ಆಳ ಸುಮಾರು 40 ಸೆಂಟಿಮೀಟರ್. ಮೂರು ಮುಖಕ್ಕೂ ಜಾಗ ಇದೆ. ಚೌಕಟ್ಟಿನಲ್ಲಿ ಮುಖಗಳು ಚಿಕ್ಕದಾಗಿ ಬರುತ್ತವೆ ನಿಜ. ಆದ್ರೆ ಮನೆಯವರಿಗೆ ಬೇಕಿರೋದು ಆ ಮೂವರೂ ಇರೋ ಒಂದು ಚಿತ್ರ.

ಇನ್ನು ಕಲಸಿ ಹೋಗೋ ವಿಷಯ. ಇದರಲ್ಲಿ ಎರಡು ಥರ. ಒಂದು ನಮ್ಮ ಕೈ ನಡುಗೋದು, ಇನ್ನೊಂದು ಎದುರಿಗಿರೋರು ಅಲುಗಾಡೋದು. ಕಿಟ್ ಲೆನ್ಸಿನಲ್ಲಿರೋ ಸ್ಟೆಬಿಲೈಸೇಷನ್ ಮೊದಲನೆಯದನ್ನ ತಡೆಯುತ್ತೆ. ಮಗು ಕೈಕಾಲು ಬಡಿಯೋದನ್ನ ಅದು ಏನೂ ಮಾಡಕ್ಕಾಗಲ್ಲ. ಅದಕ್ಕೆ ಶಟರ್ ಸ್ಪೀಡ್ ಬೇಕು, ಶಟರ್ ಸ್ಪೀಡಿಗೆ ಬೆಳಕು ಬೇಕು. ಕಿಟ್ ಲೆನ್ಸಲ್ಲಿ ಎಫ್ 4ಕ್ಕೆ ಐಎಸ್‌ಒ 3200 ಇಟ್ಟು ಸೆಕೆಂಡಿನ 1/50 ಸಿಗ್ತಿದ್ದ ಜಾಗದಲ್ಲಿ, ಎಫ್ 2.8 ಇದ್ರೆ ಅದೇ ಐಎಸ್‌ಒಗೆ 1/100 ಸಿಗುತ್ತೆ. ಬಗ್ಗಿ ಹೆಸರು ಹೇಳೋ ಒಂದು ನಿಧಾನದ ಕ್ಷಣಕ್ಕೆ ಅದು ಸಾಲುತ್ತೆ. ಅತ್ತು ಒದ್ದಾಡೋ ಮಗುವಿಗೆ ಸಾಲಲ್ಲ, ಆಗ ಐಎಸ್‌ಒ 6400ಕ್ಕೆ ಏರಿಸಿ 1/200 ಇಡಿ. ಸ್ವಲ್ಪ ಕಾಳು ಕಾಳು ಬಂದ್ರೆ ಬರಲಿ. ಕಾಳು ಇರೋ ಫೋಟೊವನ್ನ ಮನೆಯವರು ಗೋಡೆಗೆ ಹಾಕ್ತಾರೆ, ಕಲಸಿ ಹೋಗಿದ್ದನ್ನ ಹಾಕಲ್ಲ.

ಇನ್ನೊಂದು ಮಾತು. ನಮ್ಮ ಕರೆಂಟ್ 50 ಹರ್ಟ್ಸ್. ಕೆಲವು ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿನುಗ್ತವೆ. 1/100 ಅಥವಾ 1/50 ಇಟ್ರೆ ಫೋಟೊದಲ್ಲಿ ಪಟ್ಟೆ ಬೀಳೋದು ಕಮ್ಮಿ. ಫ್ಲ್ಯಾಶನ್ನ ಬಿಳಿ ತಾರಸಿಗೆ ಬಡಿಸಿ ತೆಗೆಯೋ ದಾರಿಯೂ ಇದೆ. ಆದ್ರೆ ಮಗು ಮುಂದೆ ಫ್ಲ್ಯಾಶ್ ಬೇಡ ಅಂತ ಮನೆಯವರು ಹೇಳ್ತಾರೆ ಅಂತ ಇವರೇ ತಿಳಿಸಿದ್ರು. ಹಂಚಿನ ಮನೆಗಳಲ್ಲಿ ಬೆಳಕು ಬಡಿಸೋಕೆ ಬಿಳಿ ತಾರಸಿಯೂ ಇರಲ್ಲ.

ಈಗ ನನ್ನ ಕಾಮರ್ಸ್ ಬುದ್ಧಿ. ಯಾವ ಸಲಹೆಗಿಂತಲೂ ನಿಮ್ಮ ಹಳೇ ಲೆಕ್ಕಪತ್ರ ನಂಬಿಕಸ್ಥ. ನೀವು ಗ್ರಾಹಕರಿಗೆ ಕೊಟ್ಟ ಫೋಟೊಗಳನ್ನ ಕಂಪ್ಯೂಟರ್‌ನಲ್ಲಿ ತೆಗೆದು ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಪ್ರತಿ ಫೋಟೊದಲ್ಲೂ ಫೋಕಲ್ ಲೆಂತ್ ಬರೆದಿರುತ್ತೆ. ಎಕ್ಸೆಲ್‌ನಲ್ಲಿ ಮೂರು ಕಾಲಂ ಹಾಕಿ: 18ರಿಂದ 28, 29ರಿಂದ 40, 41ರಿಂದ 55. ಎಣಿಸಿ. ಇವರಿಗೂ ಇದನ್ನೇ ಹೇಳಿದೆ. ಎರಡು ಸಂಜೆ ಕೂತು ಎಣಿಸಿ ಕಳಿಸಿದ್ರು. ಮುಕ್ಕಾಲು ಪಾಲು ಮೊದಲನೇ ಕಾಲಂನಲ್ಲಿ. ಅಂದ್ರೆ ಐವತ್ತನ್ನ ಕೊಂಡಿದ್ರೆ ದುಡಿಯೋ ಮುಕ್ಕಾಲು ಹೊತ್ತು ಮತ್ತೆ ಕಿಟ್ ಲೆನ್ಸೇ. ಬಂಡವಾಳ ಒಂದು ಕಡೆ, ದುಡಿಮೆ ಇನ್ನೊಂದು ಕಡೆ.

ಎಣಿಕೆ ಆದ್ಮೇಲೆ ಒಂದು ಪರೀಕ್ಷೆ. ಕಿಟ್ ಲೆನ್ಸನ್ನ 24ಕ್ಕೆ ತಿರುಗಿಸಿ, ಜೂಮ್ ರಿಂಗಿಗೆ ಒಂದು ಚೂರು ಟೇಪ್ ಅಂಟಿಸಿ, ಮನೆಯಲ್ಲೇ ಒಂದು ವಾರ ಹಾಗೇ ಫೋಟೊ ತೆಗೀರಿ. ಮುಂದಿನ ವಾರ 50ಕ್ಕೆ. ಉಸಿರುಕಟ್ಟೋದು ಯಾವುದರಲ್ಲಿ ಅಂತ ನಿಮ್ಮ ಕಾಲುಗಳೇ ಹೇಳ್ತವೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಹಾಗಂತ ಐವತ್ತು ಕೆಟ್ಟದ್ದಲ್ಲ. ಯಕ್ಷಗಾನ ಬಯಲಾಟದಲ್ಲಿ ಮುಂದಿನ ಸಾಲಲ್ಲಿ ಕೂತು ವೇಷ ತೆಗೆಯೋರಿಗೆ, ಭರತನಾಟ್ಯದ ರಂಗಪ್ರವೇಶಕ್ಕೆ, ಅಂಗಳದಲ್ಲಿ ಸೀಮಂತದ ಪೋರ್ಟ್ರೇಟಿಗೆ ಐವತ್ತೇ ಸರಿ. 24 ಎಂಎಂನಲ್ಲಿ ಎರಡಡಿ ಹತ್ತಿರ ಹೋಗಿ ಮುಖ ತೆಗೆದ್ರೆ ಮೂಗು ದೊಡ್ಡದಾಗಿ ಕಾಣುತ್ತೆ. ಗುಂಪಿನ ಅಂಚಿನಲ್ಲಿ ನಿಂತೋರು ಸ್ವಲ್ಪ ಅಗಲ ಆಗ್ತಾರೆ. ಅಂಚಲ್ಲಿ ನಿಂತ ಅತ್ತಿಗೆ ಆಮೇಲೆ ನಿಮ್ಮನ್ನೇ ಬೈತಾರೆ, ನೋಡ್ಕೊಳ್ಳಿ. ಪುಟ್ಟ ಪಾದ, ಬೆಳ್ಳಿ ಕಡಗ, ಇಂಥ ವಿವರಗಳಿಗೆ ಮಾತ್ರ 24 ಒಳ್ಳೇದು, 16 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತೆ.

ನಡುವಿನ ದಾರಿ ಇಲ್ವಾ ಅಂದ್ರೆ, ಇದೆ. ಸಿಗ್ಮಾದ 30 ಎಂಎಂ ಎಫ್ 1.4. ಬೆಳಕು 2.8ರ ನಾಲ್ಕು ಪಟ್ಟು, ಎಂಟಡಿ ಅಗಲಕ್ಕೆ ಹನ್ನೊಂದು ಅಡಿ ದೂರ. ಬೆಲೆ ಮಾತ್ರ ಈ ಎರಡಕ್ಕಿಂತ ಮೇಲೆ. ನಿಕಾನ್ ಕ್ರಾಪ್ ಕ್ಯಾಮೆರಾದವರಿಗೆ 2009ರಿಂದಲೇ ಡಿಎಕ್ಸ್ 35 ಎಂಎಂ ಎಫ್ 1.8 ಇದೆ, ಅವರಿಗೆ ತಲೆನೋವು ಕಮ್ಮಿ. ಆದ್ರೆ ಡಿ3500, ಡಿ5600 ಥರದ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಹಳೇ 50 ಎಂಎಂ 1.8ಡಿ ಹಾಕಿದ್ರೆ ಕೈಯಲ್ಲೇ ಫೋಕಸ್ ಮಾಡಬೇಕು. ಲೆನ್ಸ್ ಮೇಲೆ ಎಎಫ್-ಎಸ್ ಅಂತ ಇದೆಯಾ ನೋಡಿ. ಕ್ಯಾನನ್‌ನವರು ಮುಂದೆ ಆರ್50 ಥರದ ಮಿರರ್‌ಲೆಸ್‌ಗೆ ಹೋದ್ರೂ ಈ ಲೆನ್ಸ್‌ಗಳು ಅಡಾಪ್ಟರ್ ಹಾಕಿದ್ರೆ ಆಟೋಫೋಕಸ್ ಸಮೇತ ನಡೀತವೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಖುದ್ದಾಗಿ ಹೋಗಿ. ಲೆನ್ಸಿನ ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡ್ರೆ ಅದು ಫಂಗಸ್, ಬೇಡ ಅಂದು ಬನ್ನಿ. ಮಲೆನಾಡು, ಕರಾವಳಿ ಕಡೆಯ ಲೆನ್ಸ್‌ಗಳಲ್ಲಿ ಇದನ್ನ ಮೊದಲು ನೋಡಬೇಕು. ನಿಮ್ಮ ಕ್ಯಾಮೆರಾಗೆ ಹಾಕಿ ಹತ್ತಿರ, ದೂರ ಎರಡೂ ಫೋಕಸ್ ಮಾಡಿಸಿ. ಮನೆಗೆ ತಂದ ಮೇಲೆ ಮಳೆಗಾಲದಲ್ಲಿ ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ತೀರ್ಥಹಳ್ಳಿಯ ತಂಗಿಗೆ ನನ್ನ ಉತ್ತರ: 24 ತಗೊಳ್ಳಿ. ಅಂಗಳದ ಪೋರ್ಟ್ರೇಟ್ ಕೇಳೋ ಸೀಮಂತ ಬಂದಾಗ ಐವತ್ತನ್ನ ಒಂದು ದಿನ ಬಾಡಿಗೆಗೆ ತಂದು ನೋಡಿ. ಅಂಥ ಕೆಲಸ ತಿಂಗಳಿಗೆ ಎರಡು-ಮೂರು ಬರೋಕೆ ಶುರುವಾದ್ರೆ, ಆಗ ಆ ದುಡಿಮೆಯಿಂದಲೇ ಐವತ್ತು ಕೊಳ್ಳಿ. ಉಳಿದೋರು ಮೊದಲು ನಿಮ್ಮ ಎಣಿಕೆ ಮಾಡಿ, ಯಾವ ಕಾಲಂ ತುಂಬಿದೆ ಅಂತ ನನಗೆ ಬರೆದು ಕಳಿಸಿ. ನಿಮ್ಮ ಉತ್ತರ ಬೇರೆಯೇ ಇರಬಹುದು.

ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ನಮಸ್ಕಾರ.